ಬಲಗಡೆಯ ಮುಂದಿನ ಬೆಂಚು

ಎಂಟು ತಿಂಗಳು ನಾನು ಒಂದು ಬೆಂಚಿಗಾಗಿ ಓಡಾಡಿದೆ. ಹೊಸ ಬೆಂಚಲ್ಲ, ಬಡಗಿಗೆ ಹೇಳಿ ಮಾಡಿಸಬೇಕಾದ ಬೆಂಚೂ ಅಲ್ಲ. ನನ್ನ ಮಗಳ ಐದನೇ ಕ್ಲಾಸಿನಲ್ಲಿ ಆಗಲೇ ಇದ್ದ ಬೆಂಚು. ಬೋರ್ಡಿಗೆ ಮುಖ ಮಾಡಿ ಕೂತರೆ ಬಲಗಡೆ ಬಾಗಿಲಿನ ಪಕ್ಕ ಸಿಗುವ, ಎಲ್ಲಕ್ಕಿಂತ ಮುಂದಿನದು. ಅದರ ಮೇಲೆ ನನ್ನ ಮಗಳನ್ನು ಕೂರಿಸಿ ಎಂದು ಕೇಳಿದ್ದಷ್ಟೇ. ಅಷ್ಟಕ್ಕೆ ಅಜ್ಜಂಪುರದಿಂದ ಕಡೂರಿಗೆ, ಆಮೇಲೆ ಇನ್ನೂ ದೊಡ್ಡ ಊರಿಗೆ, ಅಲ್ಲಿಂದ ಬಂದು ತರೀಕೆರೆಗೆ, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದೆ. ಈಗ ಅದೆಲ್ಲ ಒಂದು ಹದಕ್ಕೆ ಬಂದಿದೆ. ಆದರೂ ಬರೆಯಲು ಕೂತಿದ್ದೇನೆ. ಯಾಕೆಂದರೆ ಆ ಓಡಾಟದಲ್ಲಿ ನನ್ನ ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಮಕ್ಕಳ ರಿಪೋರ್ಟು ಹಿಡಿದು ಕೂತಿದ್ದ ಎಷ್ಟೋ ತಾಯಂದಿರನ್ನು ನೋಡಿದೆ. ಅವರಲ್ಲಿ ಯಾರ ಕೈಗಾದರೂ ಇದು ಸಿಕ್ಕರೆ, ತಲೆ ಕೆಟ್ಟಿರುವುದು ತಮ್ಮೊಬ್ಬರಿಗೇ ಅಲ್ಲ ಎಂದಾದರೂ ಗೊತ್ತಾಗಲಿ.

ನಾನು ಅಜ್ಜಂಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಜೆರಾಕ್ಸ್ ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಮಾಡುವುದು ಊರಿನವರ ಅರ್ಜಿ ತುಂಬುವ ಕೆಲಸ. ಪಹಣಿ, ಜಾತಿ ಪ್ರಮಾಣ ಪತ್ರ, ವೃದ್ಧಾಪ್ಯ ವೇತನ, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವುದು, ಎಲ್ಲ ನನ್ನ ಕೈಯಲ್ಲೇ ಹೋಗುತ್ತವೆ. ಯಾವ ಕಚೇರಿಗೆ ಯಾವ ಕಾಗದ, ಎಲ್ಲಿ ಸಹಿ, ಎಲ್ಲಿ ಮೊಹರು ಎಂದು ಊರಿಗೇ ಹೇಳಿಕೊಡುವವಳು ಎಂಬ ಜಂಬ ನನಗಿತ್ತು. ಆ ಜಂಬವನ್ನು ನನ್ನ ಮಗಳ ಕಿವಿ ಚೆನ್ನಾಗಿ ಇಳಿಸಿತು.

ಮಗಳ ಹೆಸರು ಪೂರ್ವಿಕಾ. ಮನೆಯಲ್ಲಿ ಪುಟ್ಟಿ. ಐದನೇ ಕ್ಲಾಸಿಗೆ ಸೇರುವ ಮೊದಲಿನ ಬೇಸಿಗೆ ರಜೆಯಲ್ಲಿ ಅವಳಿಗೆ ಮಂಗನಬಾವು ಬಂತು. ಕೆನ್ನೆ ಎರಡೂ ಊದಿಕೊಂಡು ಮುಖ ಗುಂಡಗಾಯಿತು. ಬೀದಿಯಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಬಂದಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಅತ್ತೆ ಕೆಮ್ಮಣ್ಣು ಕಲಸಿ ಹಚ್ಚಿದರು. ನಾನು ಡಾಕ್ಟರು ಕೊಟ್ಟ ಜ್ವರದ ಔಷಧಿ ಕುಡಿಸಿದೆ. ಹತ್ತು ದಿನಕ್ಕೆ ಊತ ಇಳಿಯಿತು. ಮಧ್ಯೆ ಒಂದು ದಿನ ಪುಟ್ಟಿ, "ಅಮ್ಮ, ಕಿವಿಯೊಳಗೆ ಗುಂಯ್ ಅಂತೈತೆ" ಎಂದಳು. "ಜ್ವರ ಇಳಿದ ಮೇಲೆ ಹಂಗೇ ಆಗೋದು, ಮಲಕ್ಕೋ" ಎಂದೆ. ಅದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆವತ್ತೇ ಕರೆದುಕೊಂಡು ಹೋಗಿದ್ದರೂ ಏನೂ ಮಾಡುವ ಹಾಗಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಹೇಳಿದರೇನು, ನೆನೆಸಿಕೊಳ್ಳುವುದು ನಿಲ್ಲಲಿಲ್ಲ.

ಸ್ಕೂಲು ಶುರುವಾದ ಮೇಲೆ ದೂರುಗಳು ಶುರುವಾದವು. ಉಕ್ತಲೇಖನದಲ್ಲಿ ಅರ್ಧಕ್ಕರ್ಧ ತಪ್ಪು. ಬಾಯಿಲೆಕ್ಕ ಕೇಳಿದರೆ ಪಕ್ಕದವಳ ಮುಖ ನೋಡುತ್ತಾಳೆ. ನಾಲ್ಕನೇ ಕ್ಲಾಸಿನವರೆಗೆ ಚುರುಕಾಗಿದ್ದವಳು ಈಗ ಮಂಕಾಗಿದ್ದಾಳೆ, ಮನೆಯಲ್ಲಿ ಟೀವಿ ಜಾಸ್ತಿ ಇರಬೇಕು ಎಂದು ಕ್ಲಾಸ್ ಮಿಸ್ಸು ಡೈರಿಯಲ್ಲಿ ಬರೆದು ಕಳಿಸಿದರು. ಮನೆಯಲ್ಲೂ ಹಾಗೇ ಇತ್ತು. ಅಡುಗೆಮನೆಯಿಂದ ಕರೆದರೆ ಎದ್ದು ಜಗಲಿಯ ಕಡೆ ಹೋಗುತ್ತಿದ್ದಳು. ಒಂದು ಸಲ ನಾಲ್ಕು ಬಾರಿ ಕೂಗಿದರೂ ಓಗೊಡಲಿಲ್ಲ ಎಂದು ಪಿತ್ತ ನೆತ್ತಿಗೇರಿ ಹಿಂದಿನಿಂದ ಹೋಗಿ ಕಿವಿ ಹಿಂಡಿದೆ. ಯಾವ ಕಿವಿ ಎಂದು ನೆನಪಿಲ್ಲ. ನೆನಪಿಲ್ಲದಿರುವುದೇ ವಾಸಿ.

ಗೊತ್ತಾಗಿದ್ದು ಒಂದು ಭಾನುವಾರ. ಶಿವನಿಯಲ್ಲಿರುವ ನನ್ನ ತಂಗಿ ಫೋನ್ ಮಾಡಿದ್ದಳು. ನಾನು ಪುಟ್ಟಿಗೆ ಜಡೆ ಹಾಕುತ್ತಿದ್ದೆ. ಅವಳು ಎಡಗಿವಿಗೆ ಫೋನ್ ಹಿಡಿದು ಚಿಕ್ಕಮ್ಮನ ಹತ್ತಿರ ಹರಟುತ್ತಿದ್ದಳು. ಎಡಗಡೆಯ ಜಡೆ ಹೆಣೆಯಲು ಫೋನ್ ಅಡ್ಡ ಬರುತ್ತದೆಂದು ನಾನೇ ಅದನ್ನು ತೆಗೆದು ಬಲಗಿವಿಗೆ ಹಿಡಿಸಿದೆ. ಒಂದು ನಿಮಿಷ ಸುಮ್ಮನಿದ್ದು, "ಚಿಕ್ಕಮ್ಮ ಕಟ್ ಮಾಡ್ಬಿಟ್ರು" ಎಂದು ಫೋನ್ ನನ್ನ ಕೈಗೆ ಕೊಟ್ಟಳು. ಫೋನಿನೊಳಗಿಂದ ನನ್ನ ತಂಗಿ, "ಹಲೋ, ಪುಟ್ಟಿ, ಯಾಕೆ ಮಾತಾಡ್ತಿಲ್ಲ, ಹಲೋ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ನನಗೇ ಅಷ್ಟು ದೂರಕ್ಕೆ ಕೇಳುತ್ತಿತ್ತು. ಮತ್ತೆ ಬಲಗಿವಿಗೆ ಹಿಡಿದೆ. "ಕಟ್ ಆಗೈತೆ ಅಂದ್ನಲ್ಲಮ್ಮ" ಎಂದು ಪುಟ್ಟಿ ರೇಗಿದಳು.

ಮಾರನೇ ದಿನವೇ ರೈಲು ಹತ್ತಿ ಕಡೂರಿಗೆ ಹೋದೆವು. ಕಡೂರಿನಲ್ಲಿ ಕಿವಿ, ಮೂಗು, ಗಂಟಲಿನ ವಯಸ್ಸಾದ ಡಾಕ್ಟರೊಬ್ಬರಿದ್ದಾರೆ. ಅವರ ಕ್ಲಿನಿಕ್ಕಿನ ಹೊರಗೆ ಉದ್ದಕ್ಕೆ ಹಾಕಿದ ಎರಡು ಬೆಂಚು, ಅದರ ಮೇಲೆ ಇಡೀ ತಾಲೂಕಿನ ಕಿವಿಗಳು. ಒಬ್ಬರ ಹೆಸರು ಕೂಗಿದರೆ ನಾಲ್ವರು ಏಳುತ್ತಿದ್ದರು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ, "ನಿಂಗಾ, ಮಗೀಗಾ?" ಎಂದು ಕೇಳಿದರು. ಮಗುವಿಗೆ ಎಂದೆ. ಅಜ್ಜಿ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಪುಟ್ಟಿಯ ಕೈಗಿಟ್ಟರು. ಅಯ್ಯೋ ಪಾಪ ಅನ್ನದೆ ಹಣ್ಣು ಕೊಟ್ಟರಲ್ಲ, ಆ ಅಜ್ಜಿಯ ಹೊಟ್ಟೆ ತಣ್ಣಗಿರಲಿ.

ಒಳಗೆ ಗಾಜಿನ ಚಿಕ್ಕ ಕೋಣೆ. ಪುಟ್ಟಿಯನ್ನು ಅದರೊಳಗೆ ಕೂರಿಸಿ ತಲೆಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು. ಎಡಗಿವಿಯ ಪರೀಕ್ಷೆಯಲ್ಲಿ ಪಟಪಟನೆ ಕೈ ಎತ್ತಿದಳು. ಬಲಗಿವಿಯ ಸರದಿ ಬಂದಾಗ ಪರೀಕ್ಷೆ ಮಾಡುವ ಹುಡುಗಿ ಎಡಗಿವಿಗೆ ಗಾಳಿ ಬೀಸುವಂಥ ಸದ್ದು ಬಿಟ್ಟು, ಅದನ್ನು ಲೆಕ್ಕಕ್ಕೆ ತಗೋಬೇಡ ಎಂದು ಹೇಳಿ, ಗುಂಡಿ ತಿರುಗಿಸತೊಡಗಿದಳು. ಪುಟ್ಟಿ ತೊಡೆಯ ಮೇಲೆ ಕೈಯಿಟ್ಟುಕೊಂಡು, ಗಾಜಿನಾಚೆಯಿಂದ ನನ್ನನ್ನೇ ನೋಡುತ್ತ ಕೂತಿದ್ದಳು. ಹುಡುಗಿ ಸದ್ದು ಹೆಚ್ಚಿಸಿದಳು. ಇನ್ನೂ ಹೆಚ್ಚಿಸಿದಳು. ಪುಟ್ಟಿ ನನಗೆ ಹುಬ್ಬು ಹಾರಿಸಿ, ಇನ್ನೂ ಶುರುವಾಗಿಲ್ವಾ ಎಂದು ಕೇಳಿದಳು. ಅಲ್ಲಿಗೆ ನನಗೆ ಎಲ್ಲ ತಿಳಿದುಹೋಯಿತು. ಅಳು ಬಂತು, ಅವಳು ನೋಡುತ್ತಿದ್ದಾಳೆಂದು ನಕ್ಕೆ.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಮಂಗನಬಾವಿನಲ್ಲಿ ಕೆಲವು ಮಕ್ಕಳಿಗೆ ಹಿಂಗಾಗುತ್ತೆ ಕಣಮ್ಮ. ಬಲಗಿವಿ ನರ ಹೋಗೈತೆ, ಬರಲ್ಲ. ಸಾಮಾನ್ಯ ಮಿಷನ್ ಹಾಕುದ್ರೂ ಆ ಕಿವೀಲಿ ಕೇಳಲ್ಲ. ಎಡಗಿವಿ ಗಟ್ಟಿಮುಟ್ಟಾಗೈತೆ, ಅದನ್ನ ಜೋಪಾನ ಮಾಡಿ" ಎಂದರು. ಆಮೇಲೆ ಪುಟ್ಟಿಯನ್ನು ಕೇಳಿದರು, "ಕ್ಲಾಸ್ನಲ್ಲಿ ಎಲ್ಲಿ ಕೂತ್ಕೋತೀಯವ್ವ?"

"ಎಡಗಡೆ ಸಾಲು, ಕೊನೇ ಬೆಂಚು. ನಾನು ಎತ್ತರ ಇದೀನಲ್ಲ."

ಡಾಕ್ಟರು ಹಣೆ ಚಚ್ಚಿಕೊಂಡರು. ಎಡಗಡೆ ಗೋಡೆಗೆ ಕೂತರೆ ಇಡೀ ಕ್ಲಾಸು ಅವಳ ಬಲಕ್ಕೆ. ಅಂದರೆ ಮಿಸ್ಸಿನ ಪಾಠ, ಮಕ್ಕಳ ಉತ್ತರ, ಎಲ್ಲ ಸತ್ತ ಕಿವಿಯ ಕಡೆಗೆ. ಒಳ್ಳೆಯ ಕಿವಿ ಕಿಟಕಿಯ ಕಡೆಗೆ, ಬೀದಿಯ ಟ್ರಾಕ್ಟರಿನ ಸದ್ದು ಕೇಳುವುದಕ್ಕೆ. ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಈ ಮಗುವನ್ನು ತರಗತಿಯ ಬಲಬದಿಯ ಮುಂದಿನ ಬೆಂಚಿನಲ್ಲಿ ಕೂರಿಸಬೇಕು, ಶಿಕ್ಷಕರು ಅವಳ ಕಡೆ ಮುಖ ಮಾಡಿ ಮಾತಾಡಬೇಕು. ಎರಡೇ ಸಾಲು. "ಇಷ್ಟು ಮಾಡುದ್ರೆ ಸಾಕು, ಹುಡುಗಿ ಮೊದಲಿನ ಹಂಗೇ ಓದ್ತಾಳೆ" ಎಂದರು. ಔಷಧಿ ಇಲ್ಲ, ಆಪರೇಷನ್ ಇಲ್ಲ, ಒಂದು ಬೆಂಚು. ವಾಪಸು ಬರುವಾಗ ರೈಲಿನಲ್ಲಿ ನನಗೆ ಎಷ್ಟೋ ಹಗುರಾಗಿತ್ತು. ನನ್ನಷ್ಟು ಪೆದ್ದಿ ಆ ಬೋಗಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಮನೆಯವರು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಹೊಸ ತಂತಿ ಸುತ್ತಿ ಮತ್ತೆ ಜೀವ ಬರಿಸುವ ಮನುಷ್ಯ. ಅವರಿಗೆ ನರ ಹೋದರೆ ಬರಲ್ಲ ಅನ್ನುವುದು ಅರ್ಥವೇ ಆಗಲಿಲ್ಲ. "ಎಲ್ಲಿ ಕಟ್ಟಾಗೈತೆ ಅಂತ ನೋಡಿ ಜಾಯಿಂಟ್ ಮಾಡಕ್ಕಾಗಲ್ವಂತಾ?" ಎಂದು ಮೂರು ಸಲ ಕೇಳಿದರು. ಆಮೇಲೆ ಅಂಗಡಿಗೆ ಹೋಗಿ ಸಂಜೆಯವರೆಗೆ ಒಂದೇ ಮೋಟಾರಿನ ತಂತಿ ಸುತ್ತುತ್ತ ಬಿಚ್ಚುತ್ತ ಕೂತಿದ್ದರಂತೆ. ಅತ್ತೆಯದು ಬೇರೆಯೇ ರಾಗ.

"ಸ್ಕೂಲಲ್ಲಿ ಹೇಳ್ಬೇಡ ಕಣೇ ಶೈಲಾ. ಕಿವುಡಿ ಅಂತ ಹೆಸರು ಬಿದ್ರೆ ಬಿದ್ದೇ ಹೋಯ್ತು. ಹೆಣ್ಣುಮಗ, ನಾಳೆ ಕೊಟ್ಟು ಕಳುಸ್ಬೇಕು."

"ಹೇಳ್ದಿದ್ರೆ ದಡ್ಡಿ ಅಂತ ಹೆಸರು ಬಿದ್ದೈತಲ್ಲ, ಅದಕ್ಕೇನ್ ಮಾಡಾನ?" ಎಂದೆ.

ಅತ್ತೆ ವಿಭೂತಿ ಗಟ್ಟಿಯನ್ನು ಬಟ್ಟಲಿಗೆ ಟಪ್ಪೆಂದು ಹಾಕಿ ಪೂಜೆಗೆ ಕೂತರು. ಪೂಜೆಗೆ ಕೂತರೆ ಅವರ ಹತ್ತಿರ ಯಾರೂ ಮಾತಾಡುವ ಹಾಗಿಲ್ಲ. ಅವರಿಗೆ ಅದು ಗೊತ್ತು.

ನಾನು ಚೀಟಿಗೆ ಮೂರು ಜೆರಾಕ್ಸ್ ತೆಗೆದು ಸ್ಕೂಲಿಗೆ ಹೋದೆ. ಸ್ಕೂಲಿನ ಹೆಸರು ಬೇಡ, ಯಾವ ಸ್ಕೂಲಾದರೂ ಹೀಗೇ ಇರಬಹುದು. ಹೆಡ್‌ಮಾಸ್ಟರು ಚೀಟಿ ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿದರು.

"ಬಲಗಡೆ ಗಂಡುಮಕ್ಕಳ ಸಾಲು ಕಣಮ್ಮ."

"ಹೌದು ಸಾರ್."

"ಹೆಣ್ಣುಮಗೀನ ಗಂಡುಮಕ್ಕಳ ಸಾಲಲ್ಲಿ ಹೆಂಗೆ ಕೂರ್ಸೋದು?"

ಬೆಂಚಿನ ಮೇಲೆ ಕೂರಿಸಿ ಸಾರ್ ಎಂದು ಬಾಯಿಗೆ ಬಂದಿದ್ದನ್ನು ನುಂಗಿದೆ. ಹತ್ತು ವರ್ಷದ ಮಕ್ಕಳು ಅವು. ಸಂಜೆಯಾದರೆ ಅದೇ ಗಂಡುಮಕ್ಕಳ ಜೊತೆ ನಮ್ಮ ಬೀದಿಯಲ್ಲಿ ಲಗೋರಿ ಆಡುತ್ತಾಳೆ. ಆದರೆ ಕ್ಲಾಸಿನೊಳಗೆ ಬಾಗಿಲ ಕಡೆ ಹುಡುಗರು, ಕಿಟಕಿ ಕಡೆ ಹುಡುಗಿಯರು. ಯಾವ ಕಾಲದಿಂದ ಎಂದು ಯಾರಿಗೂ ಗೊತ್ತಿಲ್ಲ. ನಾನು ಓದುವಾಗಲೂ ಹಾಗೇ ಇತ್ತು. "ಹುಡುಗಿಯರ ಸಾಲಲ್ಲೇ ಮುಂದಿನ ಬೆಂಚು ಕೊಡ್ತೀವಿ, ತಗೊಳ್ಳಿ" ಎಂದು ತರಕಾರಿ ಚೌಕಾಸಿಯ ಹಾಗೆ ಹೇಳಿದರು. ಆಗಲಿ ಎಂದು ಒಪ್ಪಿದೆ. ಒಂದು ತಿಂಗಳು ನೋಡಿದೆವು. ಮುಂದೆ ಕೂತರೂ ಮಿಸ್ಸು ಅವಳ ಬಲಕ್ಕೇ ಇದ್ದರು, ಬೋರ್ಡಿನ ಕಡೆ ತಿರುಗಿದರೆ ತುಟಿಯೂ ಕಾಣುತ್ತಿರಲಿಲ್ಲ. ಪುಟ್ಟಿ ಒಳ್ಳೆಯ ಕಿವಿಯನ್ನು ಅತ್ತ ಕೊಡಲು ಪೂರ್ತಿ ತಿರುಗಿ ಕೂತಳಂತೆ. ನೆಟ್ಟಗೆ ಕೂರೋದು ಗೊತ್ತಿಲ್ಲ ಎಂದು ಡೈರಿಯಲ್ಲಿ ಇನ್ನೊಂದು ದೂರು ಬಂತು.

ಮಿಸ್ಸು ಕೆಟ್ಟವರಲ್ಲ. ಚಿಕ್ಕ ವಯಸ್ಸು, ಕ್ಲಾಸು ತುಂಬ ಮಕ್ಕಳು. "ನನ್ನ ಕೈಲಿ ಏನೈತೆ ಮೇಡಂ, ಎಚ್‌ಎಂ ಸಾರ್ ಹೂಂ ಅನ್ಬೇಕು" ಅನ್ನುತ್ತಿದ್ದರು. ಎಚ್‌ಎಂ ಸಾರ್ ಮಾತ್ರ ಹೂಂ ಅನ್ನುವುದನ್ನು ಬಿಟ್ಟು ಉಳಿದಿದ್ದೆಲ್ಲ ಅಂದರು. ಕೊನೆಗೆ ಅಂಗವಿಕಲರ ಸರ್ಟಿಫಿಕೇಟು ತಂದರೆ ನೋಡೋಣ ಎಂದರು. ಅಷ್ಟೇ ತಾನೇ, ಅರ್ಜಿ ತುಂಬುವುದೇ ನನ್ನ ಕಸುಬು ಎಂದುಕೊಂಡೆ.

ಆ ಸರ್ಟಿಫಿಕೇಟಿಗೆ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಮೂರು ಸಲ ಹೋದೆವು. ಮೊದಲನೇ ಸಲ ಕಿವಿ ಡಾಕ್ಟರು ರಜೆ. ಎರಡನೇ ಸಲ ಸರ್ವರ್ ಡೌನ್. ಸರ್ವರ್ ಡೌನ್ ಎಂದು ನಾನು ದಿನಕ್ಕೆ ಹತ್ತು ಜನಕ್ಕೆ ಹೇಳಿ ಕಳಿಸುತ್ತೇನೆ. ಅದನ್ನು ಕೇಳಿಸಿಕೊಂಡು ಎದ್ದು ಹೋಗುವವರ ಮುಖ ಹೇಗಿರುತ್ತದೆಂದು ಆವತ್ತು ಗೊತ್ತಾಯಿತು. ಆಮೇಲಿಂದ ಅಂಗಡಿಗೆ ಬಂದವರಿಗೆ ಕೂರಲು ಸ್ಟೂಲನ್ನಾದರೂ ಕೊಡುತ್ತೇನೆ. ಮೂರನೇ ಸಲ ಎಲ್ಲ ಇತ್ತು. ಪರೀಕ್ಷೆ ಮಾಡಿದರು, ಲೆಕ್ಕ ಹಾಕಿದರು. ಒಂದು ಕಿವಿ ಪೂರ್ತಿ ಹೋಗಿದ್ದರೂ ಇನ್ನೊಂದು ಚೆನ್ನಾಗಿರುವುದರಿಂದ ಬೇಕಾದಷ್ಟು ಪರ್ಸೆಂಟ್ ಬರುವುದಿಲ್ಲ, ಅಂಗವಿಕಲೆ ಎಂದು ಬರೆಯಲು ಆಗುವುದಿಲ್ಲ ಎಂದರು.

"ಹಂಗಾದ್ರೆ ನಾನು ಏನ್ ಮಾಡ್ಬೇಕು ಸಾರ್?" ಎಂದು ಕೌಂಟರಿನ ಗುಮಾಸ್ತರನ್ನು ಕೇಳಿದೆ.

"ಇನ್ನೊಂದ್ ಕಿವೀನೂ ಹೋದ್ರೆ ಬನ್ನಿ" ಎಂದರು.

ಕುಹಕವಿಲ್ಲ, ಸಿಟ್ಟಿಲ್ಲ. ದಾರಿ ಕೇಳಿದವರಿಗೆ ದಾರಿ ತೋರಿಸುವ ಹಾಗೆ ಹೇಳಿದರು. ಮನೆಯವರು ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬರದಿದ್ದರೆ ಆವತ್ತು ಆ ಕೌಂಟರಿನ ಗಾಜು ಉಳಿಯುತ್ತಿರಲಿಲ್ಲ. ಹೊರಗೆ ಬಂದು ನೋಡಿದರೆ ಅವರ ಕಣ್ಣೂ ಒದ್ದೆ. ಪುಟ್ಟಿ ನಮ್ಮಿಬ್ಬರನ್ನೂ ನೋಡಿ, "ನಂಗೆ ಹೊಟ್ಟೆ ಹಸೀತೈತೆ" ಎಂದಳು. ಹಸಿದಿರಲಿಲ್ಲ, ನಮ್ಮನ್ನು ಅಲ್ಲಿಂದ ಹೊರಡಿಸಲು ಹೇಳಿದ್ದು ಎಂದು ಆಮೇಲೆ ಗೊತ್ತಾಯಿತು. ಹೋಟೆಲಿನಲ್ಲಿ ಅರ್ಧ ಇಡ್ಲಿ ತಿಂದು ಬಿಟ್ಟಳು.

ಹೆಡ್‌ಮಾಸ್ಟರು ಆ ಕಾಗದವನ್ನು ಓದಿ ಖುಷಿಯಾದರು. ಹೌದು, ಖುಷಿಯೇ ಆದರು. "ನೋಡಮ್ಮ, ಸರ್ಕಾರನೇ ಹೇಳ್ತೈತೆ ಏನೂ ಇಲ್ಲ ಅಂತ. ಹಂಗಾದ್ರೆ ಇದು ಬರೀ ಸೋಮಾರಿತನ. ವರ್ಷದ ಕೊನೇಲೂ ಹಿಂಗೇ ಇದ್ರೆ ಇನ್ನೊಂದು ವರ್ಷ ಐದರಲ್ಲೇ ಕೂರ್ಲಿ, ತಳಪಾಯ ಗಟ್ಟಿಯಾಗುತ್ತೆ" ಎಂದರು. ಕಿವಿ ಕೇಳದಿರುವ ಜಾಗದಲ್ಲೇ ಇನ್ನೊಂದು ವರ್ಷ ಕೂರಿಸಿದರೆ ಯಾವ ತಳಪಾಯ ಗಟ್ಟಿಯಾಗುತ್ತದೋ ಆ ದೇವರಿಗೇ ಗೊತ್ತು. ಅಲ್ಲಿಯವರೆಗೆ ಬೆಂಚಿನ ಜಗಳವಾಗಿತ್ತು, ಈಗ ಮಗುವಿನ ಒಂದು ವರ್ಷದ ಪ್ರಶ್ನೆಯಾಯಿತು. ಪುಟ್ಟಿ ಆಗಲೇ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅನ್ನಲು ಶುರು ಮಾಡಿದ್ದಳು. ಭಾನುವಾರ ಹೊಟ್ಟೆನೋವು ಇರುತ್ತಿರಲಿಲ್ಲ.

ನಾನು ಹಟಕ್ಕೆ ಬಿದ್ದೆ. ತರೀಕೆರೆಗೆ ಹೋಗಿ ತಿಳಿದವರನ್ನು ಕೇಳಿದೆ, ಅವರು ಇನ್ನೊಬ್ಬರ ಹತ್ತಿರ ಕಳಿಸಿದರು, ಅವರು ಮತ್ತೊಬ್ಬರ ಹತ್ತಿರ. ಕೊನೆಗೆ ಇಲಾಖೆಯ ಅಧಿಕಾರಿಯೊಬ್ಬರು ಸಿಕ್ಕರು. ಊಟಕ್ಕೆ ಏಳುತ್ತಿದ್ದವರು ನನ್ನ ಮುಖ ನೋಡಿ ಮತ್ತೆ ಕೂತರು. ಕಡೂರು ಡಾಕ್ಟರ ಚೀಟಿ ಓದಿದರು. "ಇದಕ್ಕೆ ಸರ್ಟಿಫಿಕೇಟ್ ಯಾಕ್ರೀ ಬೇಕು? ಕೂರ್ಸಕ್ಕೆ ಏನ್ ರೋಗ ಅವ್ರಿಗೆ?" ಎಂದು ಅಲ್ಲಿಂದಲೇ ಹೆಡ್‌ಮಾಸ್ಟರಿಗೆ ಫೋನ್ ಹಚ್ಚಿದರು. ಫೋನಿನಲ್ಲಿ ಏನು ನಡೆಯಿತೋ, ಮಾರನೇ ದಿನವೇ ಪುಟ್ಟಿಯನ್ನು ಬಲಗಡೆಯ ಮುಂದಿನ ಬೆಂಚಿನಲ್ಲಿ ಕೂರಿಸಿದರು. ನಾನು ಗೆದ್ದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ. ಸಂಜೆ ಪಾಯಸ ಮಾಡಿದೆ. ಪುಟ್ಟಿ ಪಾಯಸ ಮುಟ್ಟಲಿಲ್ಲ.

ಆ ಬೆಂಚಿನಲ್ಲಿ ಇದ್ದ ಮೂರು ಹುಡುಗರು ಎದ್ದು ಹಿಂದೆ ಹೋಗಿದ್ದರು. ಅವಳೊಬ್ಬಳೇ ಅಷ್ಟುದ್ದದ ಬೆಂಚಿನ ಮೇಲೆ. ಹುಡುಗರು ಮುಸಿಮುಸಿ ನಗುವುದು, ಹುಡುಗಿಯರು ಗಂಡುಬೀರಿ ಅನ್ನುವುದು. ಮಧ್ಯಾಹ್ನ ಊಟಕ್ಕೆ ಹುಡುಗಿಯರ ಸಾಲಿಗೆ ಹೋದರೆ, ನಿನ್ನ ಸಾಲು ಅಲ್ಲಿ ಎಂದು ಕೈ ತೋರಿಸಿದರಂತೆ. ಪಾಠದ ಹೊತ್ತಿನಲ್ಲೂ ಎಡಗಿವಿ ಮುಚ್ಚಿಕೊಂಡು, ತಲೆ ತಗ್ಗಿಸಿ ಕೂತಿರುತ್ತಿದ್ದಳಂತೆ. ಮೂರನೇ ದಿನ ಚೀಲವನ್ನು ಜಗಲಿಯ ಮೇಲೆ ಎಸೆದು, "ನನ್ನ ಹಿಂದಿನ ಬೆಂಚ್ಗೇ ಕಳ್ಸು. ನಂಗೆ ಕೇಳ್ದಿದ್ರೂ ಪರವಾಗಿಲ್ಲ" ಎಂದು ಕೂಗಿದಳು.

ನನಗೆ ಎಲ್ಲಿತ್ತೋ ಸಿಟ್ಟು. "ನಿನಗೋಸ್ಕರ ನಾನು ಯಾವ್ಯಾವ ಊರಿನ ಯಾವ್ಯಾವ ಬಾಗಿಲು ತಟ್ಟಿದೀನಿ ಗೊತ್ತೇನೇ?" ಎಂದು ನಾನೂ ಕೂಗಿದೆ. ಅವಳ ಬಲಗಡೆ ನಿಂತು ಕೂಗುತ್ತಿದ್ದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಕೇಳಿಸಲಿಲ್ಲವೋ, ಬೇಡವೆಂದು ತಿರುಗಲಿಲ್ಲವೋ ಗೊತ್ತಾಗಲಿಲ್ಲ. ಮನೆಯವರು ಬಂದು, "ಸಾಕು ಬಿಡು ಶೈಲಾ" ಎಂದು ನನ್ನನ್ನು ಒಳಗೆ ಕಳಿಸಿದರು. ನನಗೆ ನಾಚಿಕೆಯಾಯಿತು. ಇಡೀ ಹೋರಾಟದಲ್ಲಿ ಹೆಡ್‌ಮಾಸ್ಟರನ್ನು ಕೇಳಿದ್ದೆ, ಡಾಕ್ಟರನ್ನು ಕೇಳಿದ್ದೆ, ಅಧಿಕಾರಿಯನ್ನು ಕೇಳಿದ್ದೆ. ಅಲ್ಲಿ ಹೋಗಿ ಕೂರಬೇಕಾದವಳನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.

ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗಂಡುಹುಡುಗರ ಸಾಲಿನಲ್ಲಿ ನಮ್ಮ ಹುಡುಗಿ ಕೂರುವುದೇ ಎಂದು ಹೆಡ್‌ಮಾಸ್ಟರಿಗಿಂತ ಜೋರಾಗಿ ರಂಪ ಮಾಡಿದ್ದವರು ಅವರೇ. ಈಗ ನೋಡು, ನಾನು ಆವಾಗಲೇ ಹೇಳಿದ್ದೆ ಅನ್ನುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ಕೂತೆ. ಅತ್ತೆ ತಲೆ ಎತ್ತದೆ ಕಾಯಿ ಬಿಡಿಸುತ್ತಲೇ ಹೇಳಿದರು.

"ಅಲ್ಲ ಕಣೇ, ಇವ್ಳೊಬ್ಳೇ ಯಾಕೆ ಆಕಡೆ ಹೋಗ್ಬೇಕು?"

"ಅಲ್ಲಿ ಕೂತ್ರೇನೇ ಅತ್ತೆ ಅವ್ಳಿಗೆ ಕೇಳಾದು."

"ಅದ್ನೇ ಹೇಳಿದ್ದು. ಹೆಣ್ಣುಡ್ಗೀರ್ನೆಲ್ಲಾ ಆಕಡೆ ಕೂರ್ಸಿ, ಗಂಡುಡ್ಗ್ರನ್ನ ಈಕಡೆಗೆ ಕಳ್ಸುದ್ರಾಯ್ತು. ಹೋದ್ ತಿಂಗ್ಳು ಮಠದಾಗೆ ದಾಸೋಹಕ್ಕೆ ಹೆಂಗಸ್ರು ಜಾಸ್ತಿ ಬಂದ್ರು ಅಂತ ಗಂಡಸ್ರ ಪಂಕ್ತಿನೇ ಎಬ್ಸಿ ಆಕಡೆಗೆ ಹಾಕುದ್ರು, ನಮ್ಮನ್ನ ಈಕಡೆಗೆ. ಯಾರಿಗೇನಾಯ್ತು? ಎಲ್ರೂ ಉಂಡ್ಕಂಡು ಬಂದ್ವಿ."

ಎಂಟು ತಿಂಗಳು. ಇಬ್ಬರು ಡಾಕ್ಟರು, ಒಬ್ಬ ಅಧಿಕಾರಿ, ಒಬ್ಬ ಹೆಡ್‌ಮಾಸ್ಟರು, ಊರಿಗೆಲ್ಲ ಬುದ್ಧಿ ಹೇಳುವ ನಾನು. ಹೆಣ್ಣು ಗಂಡಿನ ಸಾಲಿಗೆ ಹೋಗಬಹುದೋ ಬಾರದೋ ಎಂದು ಅಷ್ಟು ಜನ ಅಷ್ಟು ಕಿತ್ತಾಡಿದೆವು. ಸಾಲುಗಳನ್ನೇ ಅದಲುಬದಲು ಮಾಡಬಹುದೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಗೋಡೆಗೆ ಗಂಡು ಹೆಣ್ಣು ಎಂದು ಯಾರೋ ಕೊರೆದಿಟ್ಟಿದ್ದಾರೆ ಎಂದುಕೊಂಡಿದ್ದೆವು. ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಈ ಸಲ ಮೊದಲು ಪುಟ್ಟಿಯ ಹತ್ತಿರ ಹೋಗಿ, ಅವಳ ಎಡಗಡೆ ಕೂತು, ಹೀಗೆ ಮಾಡಿದರೆ ಆಗುತ್ತಾ ಎಂದು ಕೇಳಿದೆ. "ಎಲ್ರೂ ಬರ್ತಾರಾ?" ಎಂದಳು. ಎಲ್ಲರೂ ಎಂದೆ. ತಲೆ ಆಡಿಸಿದಳು.

ಮಾರನೇ ದಿನ ಅತ್ತೆಯೂ ನನ್ನ ಜೊತೆ ಹೊರಟರು. ಹಣೆ ತುಂಬ ವಿಭೂತಿ, ಇಳಕಲ್ ಸೀರೆ. ಹೆಡ್‌ಮಾಸ್ಟರು ಎದ್ದು ನಿಂತು ಕುರ್ಚಿ ಕೊಟ್ಟರು. ನನಗೆ ಎಂಟು ತಿಂಗಳಲ್ಲಿ ಒಂದು ಸಲವೂ ಕೊಟ್ಟಿರಲಿಲ್ಲ. ಅತ್ತೆ ವಿಷಯ ಹೇಳಿದರು. ಹೆಡ್‌ಮಾಸ್ಟರು "ಕಿಟಕಿ ಪಕ್ಕ ಗಂಡುಮಕ್ಕಳು ಕೂತ್ರೆ ರೋಡ್ ನೋಡ್ತಾ ಕೂತ್ಬಿಡ್ತಾರೆ ಕಣಮ್ಮಾರೆ" ಎಂದರು.

"ಇಷ್ಟು ದಿನ ಬೋರ್ಡ್ ನೋಡ್ತಿದ್ರಾ ಮೇಷ್ಟ್ರೇ?" ಎಂದರು ಅತ್ತೆ.

ಪಕ್ಕದಲ್ಲಿ ನಿಂತಿದ್ದ ಮಿಸ್ಸು ಫಕ್ಕನೆ ನಕ್ಕು ಬಾಯಿಗೆ ಸೆರಗು ಹಿಡಿದರು. ಹೆಡ್‌ಮಾಸ್ಟರೂ ನಕ್ಕರು. ಆ ಮನುಷ್ಯ ನಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಮಿಸ್ಸು ಕ್ಲಾಸಿಗೆ ಹೋಗಿ, ಎಲ್ಲರೂ ಚೀಲ ತಗೊಳ್ಳಿ, ಈಕಡೆಯವರು ಆಕಡೆ, ಆಕಡೆಯವರು ಈಕಡೆ ಎಂದರು. ಮಕ್ಕಳಿಗೆ ಹಬ್ಬ. ಡಬ್ಬಿಗಳು ಬಿದ್ದವು, ಯಾರದೋ ಚಪ್ಪಲಿ ಕಳೆಯಿತು, ಎರಡನೇ ಪೀರಿಯಡ್ಡಿನ ಗಂಟೆ ಹೊಡೆಯುವಷ್ಟರಲ್ಲಿ ಎಲ್ಲರೂ ಕೂತಾಗಿತ್ತು. ಪುಟ್ಟಿ ಮುಂದಿನ ಬೆಂಚಿನಲ್ಲಿ, ಬಲಗಡೆ ಗೋಡೆಗೆ, ಎಡಗಡೆ ಇಬ್ಬರು ಗೆಳತಿಯರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನನಗೆ ಸಂತೋಷ ಆಗಲಿಲ್ಲ. ಇಷ್ಟಕ್ಕಾ, ಇಷ್ಟಕ್ಕೇನಾ ಎಂದು ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದೆ. ಅತ್ತೆ ಮಾತ್ರ ಸಂತೆಗೆ ಹೋಗಿ ಬಂದವರ ಹಾಗೆ ನಿರಾಳವಾಗಿ ನಡೆದರು.

ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪುಟ್ಟಿ ಈಗ ಆರನೇ ಕ್ಲಾಸಿನಲ್ಲಿದ್ದಾಳೆ. ಹೊಸ ಮಿಸ್ಸಿಗೆ ಮತ್ತೆ ಮೊದಲಿಂದ ಹೇಳಿದ್ದೇನೆ. ಮುಂದಿನ ವರ್ಷವೂ ಹೇಳಬೇಕು. ರಸ್ತೆ ದಾಟುವಾಗ ಬಲಗಡೆಯ ಹಾರನ್ ಅವಳಿಗೆ ಕೇಳುವುದಿಲ್ಲ, ಹಾಗಾಗಿ ನನ್ನ ಜೀವ ದಿನಾ ಒಂದು ಸಲ ಬಾಯಿಗೆ ಬಂದು ಹೋಗುತ್ತದೆ. ಮದುವೆಮನೆಯ ಗದ್ದಲದಲ್ಲಿ ಯಾರ ಮಾತೂ ತಿಳಿಯದೆ ಮೂಲೆ ಹಿಡಿಯುತ್ತಾಳೆ. ಕಿವುಡಿ ಎಂದು ಒಬ್ಬಿಬ್ಬರು ಅಂದಿದ್ದೂ ಆಯಿತು. ನಾನೂ ಇನ್ನೂ ಮರೆತು ಬಲಗಡೆಯಿಂದಲೇ ಕೂಗುತ್ತೇನೆ.

ಆದರೆ ಸಾಲು ಬದಲಾದ ಆ ದಿನದ ಸಂಜೆಯ ಒಂದು ಮಾತು ಹೇಳಲೇಬೇಕು. ನಾನು ರೊಟ್ಟಿ ತಟ್ಟುತ್ತಿದ್ದೆ. ಪುಟ್ಟಿ ಯೂನಿಫಾರಂ ಕೂಡ ಬಿಚ್ಚದೆ ಬಂದು ಒಲೆಯ ಪಕ್ಕ ಕೂತಳು.

"ಅಮ್ಮ, ನಮ್ ಮಿಸ್ಸು ಪಾಠದ ಮಧ್ಯೆ ಮಧ್ಯೆ ತಮಾಷೆ ಮಾಡ್ತಾರೆ ಗೊತ್ತಾ? ಬಗ್ಗಿ, ಮೆಲ್ಲಗೆ ಹೇಳ್ತಾರೆ. ಎಲ್ರೂ ಜೋರಾಗಿ ನಗ್ತಾರೆ."

"ಹೌದಾ?"

"ಹ್ಞೂಂ. ಇಷ್ಟು ದಿನಾನೂ ನಗ್ತಿದ್ರು. ದಿನಾ ನಗ್ತಿದ್ರು. ನಾನು, ನನ್ನ ನೋಡ್ಕಂಡು ನಗ್ತಾರೆ ಅಂದ್ಕಂಡಿದ್ದೆ ಕಣಮ್ಮ."

ನನ್ನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಅಷ್ಟು ದಿನದ ಬೆಳಗಿನ ಹೊಟ್ಟೆನೋವು ಎಲ್ಲಿಂದ ಬರುತ್ತಿತ್ತೆಂದು ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಅವಳ ಎಡಗಡೆಗೆ ಹೋಗಿ ಕೂತು ಕೇಳಿದೆ.

"ಇವತ್ತು ನೀನೂ ನಕ್ಕ್ಯಾ?"

"ನಕ್ಕೆ" ಎಂದಳು. "ಎಲ್ರಿಗಿಂತ ಮೊದ್ಲು ನಕ್ಕೆ."